ಶಿಫ್ಟ್ ಡ್ಯೂಟಿ ಮನೆಯಲ್ಲಿ ಮೀನಿನ ಟ್ಯಾಂಕ್: ಮೀನಿಗೆ ನಿದ್ದೆ ಬೇಡ್ವಾ, ಲೈಟ್ ಎಷ್ಟೊತ್ತು ಇಡ್ಬೇಕು?

ಪ್ರಶ್ನೆ (ಮುಂಬಯಿ ಹತ್ತಿರದ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದು, ಸ್ವಲ್ಪ ಚಿಕ್ಕದು ಮಾಡಿದೀನಿ):

"ಸರ್ ನಮಸ್ಕಾರ. ನಾವು ಮೂಲ ಕುಂದಾಪುರ ಕಡೆಯವರು, ಈಗ ಡೊಂಬಿವಲಿ ಈಸ್ಟಲ್ಲಿ ಒನ್ ಬಿಎಚ್‌ಕೆ ಮನೆ. ಹಾಲಲ್ಲಿ ಮೂರಡಿ ಟ್ಯಾಂಕ್ ಇದೆ, ಮಗಳು ಹಠ ಮಾಡಿದ್ಳು ಅಂತ ಕ್ರಾಫರ್ಡ್ ಮಾರ್ಕೆಟಿಂದ ತಂದಿದ್ದು. ನಾಲ್ಕು ಏಂಜೆಲ್, ಹನ್ನೆರಡು ನಿಯಾನ್ ಟೆಟ್ರಾ (ಈಗ ಎಂಟೇ ಉಳಿದಿದೆ), ಎಂಟು ಜೀಬ್ರಾ ಡೇನಿಯೋ, ಒಂದು ಸಕ್ಕರ್, ಗಿಡಾನೂ ತುಂಬಾ ಬೆಳೆದಿದೆ. ನಮ್ಮನೆಯವರಿಗೆ ಐರೋಲಿಯಲ್ಲಿ ಶಿಫ್ಟ್ ಕೆಲಸ. ಒಂದು ವಾರ ಬೆಳಗ್ಗೆ ಹೋಗ್ತಾರೆ, ಇನ್ನೊಂದು ವಾರ ಮಧ್ಯಾಹ್ನ ಹೋಗಿ ರಾತ್ರಿ ಒಂದೂವರೆಗೆ ಬರ್ತಾರೆ. ಬಂದ ಕೂಡ್ಲೇ ಟ್ಯೂಬ್‌ಲೈಟೂ ಟ್ಯಾಂಕ್ ಲೈಟೂ ಹಾಕ್ಕೊಂಡು ಮೀನಿಗೂ ಸ್ವಲ್ಪ ಫುಡ್ ಹಾಕಿ ಊಟ ಮಾಡ್ತಾ ನೋಡ್ತಾ ಕೂರ್ತಾರೆ, ಅವರಿಗೆ ಅದೇ ರಿಲ್ಯಾಕ್ಸ್. ಆಮೇಲೆ ಹಾಲಲ್ಲೇ ಮಲಗೋದು, ಪಂಪ್ ಸೌಂಡ್ ಆಗತ್ತೆ ಅಂತ ಆಫ್ ಮಾಡ್ತಾರೆ. ರಾತ್ರಿ ಲೈಟ್ ಹಾಕಿದಾಗ ಮೀನೆಲ್ಲ ಬಿಳಚ್ಕೊಂಡು ತಳದಲ್ಲಿ ಬಿದ್ದಿರತ್ತೆ, ನಿಯಾನಿನ ನೀಲಿ ಗೆರೆನೇ ಇರಲ್ಲ, ಸತ್ತೇ ಹೋಯ್ತು ಅಂತ ಹೆದರಿದ್ವಿ. ಆಮೇಲೆ ಒಂದೇ ಸಮ ಗಾಜಿಗೆ ಡಿಕ್ಕಿ ಹೊಡ್ಕೊಂಡು ಓಡ್ತವೆ, ಹೋದ ತಿಂಗಳು ಒಂದು ಡೇನಿಯೋ ಹೊರಗೆ ನೆಗೆದು ಸತ್ತಿತು. ಬೆಳಗ್ಗೆ ಐದೂವರೆಗೆ ನೀರು ಬರತ್ತೆ ಅಂತ ನಾನು ಎದ್ದು ನೋಡಿದ್ರೆ ಎಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿರತ್ತೆ, ಪಂಪ್ ಹಾಕಿ ಒಂಬತ್ತು ಗಂಟೆ ಹೊತ್ತಿಗೆ ಸರಿ ಹೋಗತ್ತೆ. ನಮ್ಮತ್ತೆ ಮೀನಿಗೆ ರೆಪ್ಪೆನೇ ಇಲ್ಲ, ಅದೆಲ್ಲಿಂದ ನಿದ್ದೆ ಮಾಡತ್ತೆ ಅಂತಾರೆ. ಅಂಗಡಿಯವರು 24 ಗಂಟೆ ಲೈಟ್ ಇಟ್ರೆ ಬೇಗ ಬೆಳೆಯತ್ತೆ, ಕಲರ್ ಬರತ್ತೆ ಅಂದ್ರು. ನನ್ನ ತಂಗಿ ಮಗ ನೀಲಿ ಮೂನ್‌ಲೈಟ್ ಹಾಕಿ ಅಂತಾನೆ, ಮೆಲಟೋನಿನ್ ಅನ್ನೋ ನಿದ್ದೆ ಗುಳಿಗೆನೂ ಇದೆ ಅಂದ. ಮೀನಿಗೂ ನಮ್ಮ ಹಾಗೆ ಜೆಟ್‌ಲ್ಯಾಗ್ ಆಗತ್ತಾ ಸರ್? ಇನ್ನೊಂದು, ಡೇನಿಯೋ ಕೆಲವು ವಾರ ಬೆಳಗ್ಗೆ ಮೊಟ್ಟೆ ಇಡತ್ತೆ, ಕೆಲವು ವಾರ ಇಲ್ಲವೇ ಇಲ್ಲ, ಇಟ್ಟಿದ್ದೂ ಒಂಬತ್ತು ಗಂಟೆಗೆ ಮಾಯ. ಯಾಕೆ?"

ಉತ್ತರ:

ನೀವು ಇದನ್ನೆಲ್ಲ ಒಂದೇ ಚಿಂತೆ ಅಂತ ಬರೆದಿದೀರಿ, ಆದ್ರೆ ಇದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿವೆ. ರಾತ್ರಿ ಬಣ್ಣ ಹೋಗೋದು, ತಳದಲ್ಲಿ ಬಿದ್ಕೊಳ್ಳೋದು, ಲೈಟ್ ಹಾಕಿದ್ರೆ ದಿಕ್ಕೆಟ್ಟು ಓಡೋದು, ಮೊಟ್ಟೆ ಒಂದು ವಾರ ಇದ್ದು ಇನ್ನೊಂದು ವಾರ ಇಲ್ಲದೇ ಇರೋದು, ಇದು ಮೀನಿನ ಮೈಯೊಳಗಿನ ಗಡಿಯಾರದ ವಿಷಯ. ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡೋದು ಮಾತ್ರ ಗಡಿಯಾರದ್ದಲ್ಲ, ಉಸಿರಿನದು. ಜೀವ ಹೋಗೋದು ಇದರಿಂದ, ಹಾಗಾಗಿ ಇದನ್ನೇ ಮೊದಲು ಹೇಳಿಬಿಡ್ತೀನಿ: ಇವತ್ತು ರಾತ್ರಿಯಿಂದಲೇ ಪಂಪ್ ಆಫ್ ಮಾಡ್ಬೇಡಿ. ಉಳಿದಿದ್ದೆಲ್ಲ ನಿಧಾನಕ್ಕೆ ಮಾಡಬಹುದು.

ಟ್ಯಾಂಕಲ್ಲಿ ಗಿಡ ತುಂಬಾ ಇದ್ರೆ ಆಕ್ಸಿಜನ್ ಜಾಸ್ತಿ ಇರತ್ತೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಅದು ಅರ್ಧ ಸತ್ಯ. ಬೆಳಕು ಇರೋವಾಗ ಗಿಡ ಆಕ್ಸಿಜನ್ ಬಿಡತ್ತೆ ಸರಿ, ಕತ್ತಲಾದ ಮೇಲೆ ಗಿಡಾನೂ ನಮ್ಮ ಹಾಗೇ ಆಕ್ಸಿಜನ್ ಎಳ್ಕೊಳ್ಳತ್ತೆ, ಅದರ ಜೊತೆಗೆ ಮೀನು, ಫಿಲ್ಟರಲ್ಲಿರೋ ಬ್ಯಾಕ್ಟೀರಿಯಾ, ತಳದಲ್ಲಿ ಕೊಳೀತಿರೋ ಫುಡ್, ಎಲ್ಲ ಸೇರಿ ರಾತ್ರಿಯಿಡೀ ಖಾಲಿ ಮಾಡ್ತಾ ಹೋಗಿ ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ ನೀರಲ್ಲಿ ಆಕ್ಸಿಜನ್ ದಿನದಲ್ಲೇ ಅತಿ ಕಮ್ಮಿ ಆಗಿರತ್ತೆ. ಕೆರೆಯಲ್ಲಿ ಕಾಟ್ಲಾ, ರೋಹು ಸಾಕೋವ್ರಿಗೆ ಇದು ಬಾಯಿಪಾಠ, ಮೋಡ ಮುಚ್ಚಿದ ದಿನದ ಮಾರನೇ ಬೆಳಗ್ಗೆ ಅವರು ನಿದ್ದೆಗೆಟ್ಟು ಕೆರೆ ದಂಡೆ ಮೇಲಿರ್ತಾರೆ. ಅದರ ಮೇಲೆ ನಮ್ಮ ಮುಂಬಯಿ ಸೆಕೆ. 20 ಡಿಗ್ರಿ ನೀರಲ್ಲಿ ಒಂದು ಲೀಟರಿಗೆ ಹೆಚ್ಚೂಕಮ್ಮಿ 9 ಮಿಲಿಗ್ರಾಂ ಆಕ್ಸಿಜನ್ ಕರಗತ್ತೆ, 30 ಡಿಗ್ರಿಗೆ ಏಳೂವರೆ ಅಷ್ಟೇ, ಅದೂ ತುಂಬಿ ತುಳುಕೋವಾಗ. ಹೀಗಿರೋವಾಗ ನೀವು ಪಂಪ್ ಆಫ್ ಮಾಡ್ತಿರೋದು ಸರಿಯಾಗಿ ಅದು ಬೇಕೇ ಬೇಕಾದ ಹೊತ್ತಲ್ಲಿ. ಒಂಬತ್ತು ಗಂಟೆಗೆ ಸರಿ ಹೋಗೋದರಲ್ಲಿ ಪವಾಡ ಏನೂ ಇಲ್ಲ, ನೀವು ಪಂಪ್ ಹಾಕ್ತೀರಿ, ಕಿಟಕಿ ಬೆಳಕಿಗೆ ಗಿಡ ಕೆಲಸ ಶುರು ಮಾಡತ್ತೆ.

ಒಂದು ಎಚ್ಚರಿಕೆ. ಸಕ್ಕರ್ ಆರಾಮಾಗಿದೆ ಅಂತ ನೋಡಿ ನೀರು ಸರಿ ಇದೆ ಅಂದ್ಕೋಬೇಡಿ, ಆ ಜಾತಿ ಮೀನು ಆಕ್ಸಿಜನ್ ಕಮ್ಮಿಯಾದ್ರೆ ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯಲ್ಲೇ ಆಕ್ಸಿಜನ್ ಹೀರ್ಕೊಂಡು ಬದುಕತ್ತೆ. ನಿಯಾನಿಗೆ ಆ ಭಾಗ್ಯ ಇಲ್ಲ.

ಸೌಂಡ್ ವಿಷಯ: ಪಂಪನ್ನ ಟೇಬಲ್ ಮೇಲೋ ಗಾಜಿಗೆ ತಾಗಿಸಿಯೋ ಇಟ್ರೆ ಇಡೀ ಸ್ಟ್ಯಾಂಡೇ ಗುಂಯ್ ಅನ್ನತ್ತೆ. ದಪ್ಪ ಸ್ಪಂಜಿನ ಮೇಲಿಡಿ ಅಥವಾ ಗೋಡೆಗೆ ಮೊಳೆ ಹೊಡೆದು ದಾರದಲ್ಲಿ ನೇತು ಹಾಕಿ, ಅರ್ಧ ಸೌಂಡ್ ಅಲ್ಲೇ ಹೋಗತ್ತೆ. ಹಳೇ ಪಂಪಾದ್ರೆ ಒಳಗಿನ ರಬ್ಬರ್ ಹರಿದಿರತ್ತೆ, ಅದನ್ನ ಬದಲಾಯಿಸಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ರೆ ಕರೆಂಟ್ ಹೋದಾಗ ಪೈಪಲ್ಲಿ ನೀರು ವಾಪಸ್ ಬಂದು ಪಂಪೂ ಹಾಳು, ಪ್ಲಗ್ ಹತ್ರ ನೀರು ಬಿದ್ರೆ ಮನುಷ್ಯರಿಗೂ ಅಪಾಯ, ಒಂದು ಸಣ್ಣ ನಾನ್ ರಿಟರ್ನ್ ವಾಲ್ವ್ ಹಾಕ್ಸಿ, ತುಂಬಾ ಅಗ್ಗ. ಪಂಪ್ ರಾತ್ರಿಯಿಡೀ ಓಡಿದ ಮೂರ್ನಾಲ್ಕು ದಿನ ಆದ ಮೇಲೂ ಬೆಳಗ್ಗೆ ಬಾಯಿ ಬಿಡ್ತಿದ್ರೆ ಆಗ ಅಮೋನಿಯಾ ಟೆಸ್ಟ್ ಮಾಡ್ಸಿ, ಕಿವಿರಿಗೆ ಹುಳ ಬಿದ್ದಿದೆಯಾ ನೋಡ್ಸಿ. ಬಾಯಿ ಬಿಡೋದು ನಿಂತುಹೋದ್ರೆ ಆ ಅಧ್ಯಾಯ ಮುಗೀತು.

ಈಗ ಗಡಿಯಾರಕ್ಕೆ ಬರೋಣ. ಜೀವಿಗಳ ಮೈಯಲ್ಲೇ ದಿನದ ಲೆಕ್ಕ ಇದೆ ಅನ್ನೋದು ಹಳೇ ವಿಷಯ, 1729ರಲ್ಲೇ ಫ್ರಾನ್ಸಿನ ಡಿ ಮೇರಾನ್ ಅನ್ನೋರು ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನ ಕತ್ತಲೆಯಲ್ಲಿಟ್ರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿ ಮುಚ್ಚಿ ಮಾಡೋದನ್ನ ನೋಡಿ ಬರೆದಿದ್ರು. ಅದರ ಒಳಗಿನ ಯಂತ್ರ ಏನು ಅಂತ ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ತು. ಮೀನಿನದೂ ಮೂಲದಲ್ಲಿ ಅದೇ ಯಂತ್ರ. ಟೆರೇಸ್ ಮೇಲಿನ ಟ್ಯಾಂಕಲ್ಲಿ ಫ್ಲೋಟ್ ವಾಲ್ವ್ ಇರತ್ತಲ್ಲ, ನೀರು ತುಂಬಿದ್ರೆ ತಾನೇ ಮೇಲೆ ಬಂದು ನಲ್ಲಿ ಮುಚ್ಚತ್ತೆ, ಖಾಲಿಯಾದ್ರೆ ಮತ್ತೆ ಬಿಡತ್ತೆ, ಹಾಗೆ. ಕ್ಲಾಕ್, ಬಿಮಾಲ್ ಅನ್ನೋ ಪ್ರೋಟೀನುಗಳು ಪರ್, ಕ್ರೈ ಅನ್ನೋ ಜೀನುಗಳನ್ನ ಆನ್ ಮಾಡ್ತವೆ, ಅವುಗಳಿಂದ ಬಂದ ಪ್ರೋಟೀನ್ ಜಮಾ ಆಗ್ತಾ ಆಗ್ತಾ ವಾಪಸ್ ಬಂದು ಕ್ಲಾಕನ್ನೇ ಅಮುಕತ್ತೆ, ಆಮೇಲೆ ಅದು ಕರಗಿ ಹೋದಾಗ ಮತ್ತೆ ಶುರು. ಒಂದು ಸುತ್ತಿಗೆ ಹತ್ತಿರ ಹತ್ತಿರ 24 ಗಂಟೆ. ಸರಿಯಾಗಿ 24 ಅಲ್ಲ, ಹತ್ತಿರ ಹತ್ತಿರ. ಅದಕ್ಕೇ ದಿನಾ ಯಾರಾದ್ರೂ ಮುಳ್ಳು ತಿದ್ದಬೇಕು, ತಿದ್ದೋದು ಬೆಳಕು.

ನಮಗೂ ಮೀನಿಗೂ ದೊಡ್ಡ ವ್ಯತ್ಯಾಸ ಇರೋದು ಇಲ್ಲಿ. ನಮ್ಮಲ್ಲಿ ಬೆಳಕಿನ ಸುದ್ದಿ ಕಣ್ಣಿಂದ ಮಾತ್ರ ಒಳಗೆ ಹೋಗತ್ತೆ, ಮೆದುಳಿನ ಒಂದು ಸಣ್ಣ ಭಾಗ ಅದನ್ನ ಮೈಯಿಗೆಲ್ಲ ಹಂಚತ್ತೆ. ಮೀನಲ್ಲಿ ಹಾಗಲ್ಲ. 2000ನೇ ಇಸವಿಯಲ್ಲಿ ವಿಟ್‌ಮೋರ್, ಫೋಕ್ಸ್, ಸಸೋನೆ ಕೋರ್ಸಿ ಅನ್ನೋ ವಿಜ್ಞಾನಿಗಳು ಇದೇ ನಿಮ್ಮ ಜೀಬ್ರಾ ಡೇನಿಯೋದ ಹೃದಯ, ಕಿಡ್ನಿ ತೆಗೆದು ಗಾಜಿನ ತಟ್ಟೆಯಲ್ಲಿಟ್ಟು ಬೆಳಕು ಕತ್ತಲು ಮಾಡಿ ನೋಡಿದ್ರೆ, ಕಣ್ಣೂ ಇಲ್ಲ ತಲೆನೂ ಇಲ್ಲ, ಆ ತುಂಡುಗಳೇ ನೇರವಾಗಿ ಬೆಳಕಿಗೆ ಗಡಿಯಾರ ಹೊಂದಿಸ್ಕೊಂಡ್ವು. ಬಿಡಿ ಬಿಡಿ ಕೋಶಗಳೂ ಅಷ್ಟೇ. ಸಾಲದ್ದಕ್ಕೆ ತಲೆ ಮೇಲ್ಭಾಗದಲ್ಲಿ ಪೀನಿಯಲ್ ಅಂತ ಒಂದು ಗ್ರಂಥಿ ಇದೆ, ಅದರ ಮೇಲೆ ಬುರುಡೆ ತೆಳ್ಳಗಿರತ್ತೆ, ಬೆಳಕು ತೂರ್ಕೊಂಡು ಒಳಗೆ ಹೋಗತ್ತೆ, ಕತ್ತಲಾದಾಗ ಅದು ಮೆಲಟೋನಿನ್ ಅನ್ನೋ ಹಾರ್ಮೋನ್ ಬಿಡತ್ತೆ, ಮೈಗೆಲ್ಲ ರಾತ್ರಿಯ ಸುದ್ದಿ ಹೇಳೋದು ಅದೇ. ಅಂದ್ರೆ ರಾತ್ರಿ ಒಂದೂವರೆಗೆ ನೀವು ಹಾಕೋ ಎಲ್‌ಇಡಿ ಮೀನಿನ ಕಣ್ಣಿಗೆ ಮಾತ್ರ ಬೀಳ್ತಿಲ್ಲ, ತಲೆಯಿಂದ ಹೊಟ್ಟೆಯೊಳಗಿನವರೆಗೂ "ಬೆಳಗಾಯ್ತು" ಅಂತ ಸಾರ್ತಿದೆ. ಮುಂದಿನ ವಾರ ಬೆಳಗಾಗೋದು ಬೇರೆ ಹೊತ್ತಿಗೆ. ಹಾಗಾಗಿ ಜೆಟ್‌ಲ್ಯಾಗ್ ಆಗತ್ತಾ ಅಂದ್ರೆ, ಹೌದು, ಆ ತರದ್ದೇ ಆಗತ್ತೆ. ಒಂದೆರಡು ದಿನ ಮದುವೆ ಮುಂಜಿ ಅಂತ ಹೆಚ್ಚು ಕಮ್ಮಿ ಆದ್ರೆ ಏನೂ ತೊಂದ್ರೆ ಇಲ್ಲ, ಕೆಲವೇ ದಿನದಲ್ಲಿ ಹೊಂದ್ಕೊಳ್ತವೆ. ವಾರ ವಾರ ಬದಲಾಗ್ತಾನೇ ಇದ್ರೆ ಹೊಂದ್ಕೊಂಡು ಮುಗಿಯೋಷ್ಟರಲ್ಲಿ ಮತ್ತೆ ಬದಲಾಗಿರತ್ತೆ, ನಿಮ್ಮನೆಯವರನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ನಾನು ಹೇಳಕ್ಕಾಗಲ್ಲ.

ನಿಮ್ಮ ಅತ್ತೆಯವರ ಮಾತಿಗೆ: ರೆಪ್ಪೆ ಇಲ್ಲ ಅನ್ನೋದು ನಿಜ, ನಿದ್ದೆ ಇಲ್ಲ ಅನ್ನೋದು ಸುಳ್ಳು. ಅವರು ಚಿಕ್ಕಂದಿನಿಂದ ನೋಡಿರೋದು ಕುಂದಾಪುರ ಪಕ್ಕದ ಗಂಗೊಳ್ಳಿ ಬಂದರಿನ ಮೀನು, ಟ್ಯೂನಾ ತರದ ಕಡಲ ಮೀನು ಉಸಿರಾಟಕ್ಕೋಸ್ಕರನೇ ಹಗಲೂ ರಾತ್ರಿ ಈಜ್ತಾನೇ ಇರತ್ತೆ, ಅದನ್ನ ನೋಡಿದವರಿಗೆ ಹಾಗೆ ಅನ್ಸೋದು ಸಹಜ. ಆದ್ರೆ ಟ್ಯಾಂಕ್ ಮೀನು ರಾತ್ರಿ ಅಲ್ಲಾಡದೇ ನಿಲ್ಲತ್ತೆ, ಹತ್ರ ಹೋದ್ರೂ ಬೇಗ ಎಚ್ಚರ ಆಗಲ್ಲ, ರಾತ್ರಿ ನಿದ್ದೆ ಕೆಡಿಸಿದ್ರೆ ಮಾರನೇ ದಿನ ತೂಕಡಿಸತ್ತೆ. ಇಷ್ಟಿದ್ರೆ ಅದನ್ನ ನಿದ್ದೆ ಅಂತಾನೇ ಲೆಕ್ಕ. 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಡೇನಿಯೋ ಮರಿಗಳ ಮೆದುಳನ್ನ ನೋಡಿ, ನಮ್ಮ ಗಾಢ ನಿದ್ದೆಯನ್ನ ಹೋಲೋ ಒಂದು ಹಂತ, ಕನಸು ಬೀಳೋ ನಿದ್ದೆಯನ್ನ ಹೋಲೋ ಇನ್ನೊಂದು ಹಂತ ಎರಡೂ ಇದೆ ಅಂತ ತೋರಿಸಿದ್ರು. ಸಮುದ್ರದ ಗಿಣಿಮೀನುಗಳಲ್ಲಿ ಕೆಲವು ಮಲಗೋ ಮುಂಚೆ ಮೈ ಸುತ್ತ ಲೋಳೆಯ ಚೀಲನೇ ಕಟ್ಕೊಳ್ತವೆ. ನಿಮ್ಮ ನಿಯಾನಿನ ನೀಲಿ ಗೆರೆ ಮಾಸೋದೂ ರೋಗ ಅಲ್ಲ, ಚರ್ಮದ ಕೋಶಗಳು ಬೆಳಕಿದ್ದಾಗ ಒಂದು ತರ ಕತ್ತಲಲ್ಲಿ ಒಂದು ತರ ಇರತ್ತೆ, ಬೆಳಕು ಬಂದ ಸ್ವಲ್ಪ ಹೊತ್ತಿಗೆ ಬಣ್ಣ ವಾಪಸ್ ಬರತ್ತೆ. ಹಗಲಲ್ಲೂ ಬಿಳಚ್ಕೊಂಡೇ ಇದ್ರೆ ಆಗ ಯೋಚನೆ ಮಾಡಿ. (ಹನ್ನೆರಡು ಎಂಟಾಗಿದ್ದಕ್ಕೆ ಅಂಗಡಿಯವರನ್ನ ಬೈಬೇಡಿ, ಬೆಳೆದ ಏಂಜೆಲ್ ಬಾಯಿಗೆ ನಿಯಾನ್ ಸರಿಯಾಗಿ ಹಿಡಿಸತ್ತೆ, ಅದೂ ನಿಯಾನ್ ತೂಕಡಿಸ್ತಿರೋವಾಗ. ಇವೆರಡನ್ನೂ ಒಟ್ಟಿಗೆ ಇಡೋದು ನನಗೆ ಇಷ್ಟ ಇಲ್ಲ.)

ಲೈಟ್ ಹಾಕಿದ ಕೂಡ್ಲೇ ಡಿಕ್ಕಿ ಹೊಡ್ಕೊಳ್ಳೋದಕ್ಕೆ ಕಾರಣ ಕಣ್ಣು. ನಮ್ಮ ಪಾಪೆ ಜೋರು ಬೆಳಕಿಗೆ ಥಟ್ಟನೆ ಕಿರಿದಾಗತ್ತೆ, ಹೆಚ್ಚಿನ ಮೀನುಗಳ ಪಾಪೆಗೆ ಆ ಶಕ್ತಿ ಇಲ್ಲ, ರೆಪ್ಪೆನೂ ಇಲ್ಲ. ಬದಲಿಗೆ ಅದರ ಕಣ್ಣಿನ ಪರದೆಯಲ್ಲಿ ಹಗಲಿನ ಕೋಶಗಳು, ರಾತ್ರಿಯ ಕೋಶಗಳು, ಅವುಗಳ ಮಧ್ಯದ ಕಪ್ಪು ಬಣ್ಣ, ಇವೆಲ್ಲ ಮೈ ಉದ್ದ ಗಿಡ್ಡ ಮಾಡ್ಕೊಂಡು ನಿಜವಾಗ್ಲೂ ಜಾಗ ಬದಲಾಯಿಸ್ತವೆ, ಅದಕ್ಕೆ ಹತ್ತಿಪ್ಪತ್ತು ನಿಮಿಷದಿಂದ ಒಂದು ಗಂಟೆವರೆಗೂ ಬೇಕು. ನನಗೆ ಇದರಲ್ಲಿ ತುಂಬಾ ಇಷ್ಟ ಆಗೋ ವಿಷಯ ಏನಂದ್ರೆ ಈ ಜಾಗ ಬದಲಾವಣೆ ಬೆಳಕು ಬಂದ ಮೇಲೆ ಮಾತ್ರ ಶುರುವಾಗಲ್ಲ, ಒಳಗಿನ ಗಡಿಯಾರಾನೂ ಅದನ್ನ ನಡೆಸತ್ತೆ, ಬೆಳಗಾಗೋ ಹೊತ್ತು ಗೊತ್ತಿದ್ರೆ ಕಣ್ಣು ಮೊದಲೇ ತಯಾರಾಗ್ತಾ ಬರತ್ತೆ. ನಡುರಾತ್ರಿ ಒಂದೂವರೆಗೆ ಲೈಟ್ ಬರತ್ತೆ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಕಣ್ಣು ರಾತ್ರಿ ಸೆಟ್ಟಿಂಗಲ್ಲೇ ಇರತ್ತೆ, ಏನೂ ಕಾಣದೇ ಓಡತ್ತೆ, ಡೇನಿಯೋ ಹುಟ್ಟಾ ನೆಗೆಯೋ ಜಾತಿ ಆಗಿದ್ದಕ್ಕೆ ಹೊರಗೆ ಬಿತ್ತು.

ಅಂಗಡಿಯವರ 24 ಗಂಟೆ ಲೈಟಿನ ಮಾತಿಗೂ ಒಂದು ಮೂಲ ಇದೆ, ಪೂರ್ತಿ ಬುರುಡೆ ಅಲ್ಲ. ಹೊರದೇಶದ ಸಾಲ್ಮನ್ ಫಾರ್ಮುಗಳಲ್ಲಿ ಚಳಿಗಾಲದಲ್ಲಿ ಬಲೆಗೂಡುಗಳಿಗೆ ರಾತ್ರಿಯಿಡೀ ಲೈಟ್ ಬಿಡ್ತಾರೆ, ಯಾಕಂದ್ರೆ ಆ ಮೀನು ದಿನದ ಉದ್ದ ನೋಡಿ ಮರಿ ಮಾಡೋ ಕಾಲ ಲೆಕ್ಕ ಹಾಕತ್ತೆ, ಆ ಲೆಕ್ಕ ತಪ್ಪಿಸಿದ್ರೆ ಬೇಗ ಬಲಿಯಲ್ಲ, ಮೈ ಬೆಳೆಸ್ಕೊಳ್ಳತ್ತೆ. ಅದು ತೂಕಕ್ಕೆ ಮಾರೋ ಮೀನಿನ ಲೆಕ್ಕಾಚಾರ, ನಿಮ್ಮ ಹಾಲಿನ ನಿಯಾನಿಗೆ ಸಂಬಂಧನೇ ಇಲ್ಲ, ಅದು ಅಮೆಜಾನ್ ಕಾಡಿನ ನೆರಳಿನ ಹಳ್ಳದ ಮೀನು. ಬೆಳಕು ಉರೀತಾನೇ ಇದ್ರೆ ಡೇನಿಯೋ ನಿದ್ದೆನೇ ಮಾಡಲ್ಲ ಅನ್ನೋದನ್ನೂ ಲ್ಯಾಬಲ್ಲಿ ನೋಡಿದಾರೆ. ನಿಮ್ಮಲ್ಲಿ 24 ಗಂಟೆ ಲೈಟಿಂದ ಗ್ಯಾರಂಟಿ ಬೆಳೆಯೋದು ಪಾಚಿ ಮಾತ್ರ.

ಮೂನ್‌ಲೈಟ್ ಎಲ್‌ಇಡಿ ನೋಡೋಕೆ ಚೆಂದ, ಒಪ್ಕೊಳ್ತೀನಿ. ಆದ್ರೆ ತಿಳಿ ನೀರಲ್ಲಿ ಆಳದವರೆಗೆ ಹೋಗೋದು ನೀಲಿ ಬೆಳಕೇ, ಹಾಗಾಗಿ ಮೀನಿನ ಗಡಿಯಾರ ಕೆಂಪಿಗಿಂತ ನೀಲಿಗೇ ಹೆಚ್ಚು ಓಗೊಡತ್ತೆ, ಮೆಲಟೋನಿನ್ ಇಳಿಸೋದ್ರಲ್ಲೂ ನೀಲಿಯೇ ಮುಂದು. ರಾತ್ರಿ ಬೆಳಕು ಮೀನಿಗೆ ಏನು ಮಾಡತ್ತೆ ಅಂತ ನಿಮ್ಮ ಊರಿನವರಿಗೆ ನಾನು ಹೇಳ್ಬೇಕಾ, ಮಲ್ಪೆಯಿಂದ ಗೋವಾವರೆಗೆ ಲೈಟ್ ಫಿಶಿಂಗ್ ಗಲಾಟೆ ನಡೆದಿದ್ದೇ ಅದಕ್ಕಲ್ವಾ, ದೊಡ್ಡ ಎಲ್‌ಇಡಿ ಹಾಕಿ ಮೀನನ್ನ ಒಂದೇ ಕಡೆ ಸೇರಿಸಿ ಬಳಿದು ತರ್ತಾರೆ ಅಂತ 2017ರಲ್ಲಿ ಕೇಂದ್ರ ಸರ್ಕಾರನೇ ಅದನ್ನ ನಿಷೇಧಿಸ್ತು. ಮೂನ್‌ಲೈಟ್ ಬೇಕೇ ಬೇಕಿದ್ರೆ ಮೇನ್ ಲೈಟ್ ಆರಿದ ಮೇಲೆ ಅರ್ಧ ಗಂಟೆ ಇಟ್ಟು ಆರಿಸಿ, ರಾತ್ರಿಯಿಡೀ ಬೇಡ.

ಗುಳಿಗೆ ವಿಷಯ ಬಿಟ್ಬಿಡಿ. ಮೆಲಟೋನಿನ್ ಮೀನಿನ ನಿದ್ದೆಗೆ ಬೇಕು ನಿಜ, ಅದು ತಯಾರಾಗದ ಹಾಗೆ ಜೀನ್ ಕೆಡಿಸಿದ ಡೇನಿಯೋ ಮರಿಗಳು ರಾತ್ರಿ ತುಂಬಾ ಕಮ್ಮಿ ನಿದ್ದೆ ಮಾಡಿದ್ದನ್ನ 2015ರಲ್ಲಿ ತೋರಿಸಿದಾರೆ. ಆದ್ರೆ ನಿಮ್ಮ ಮೀನಿಗೆ ಅದು ತಯಾರಾಗ್ತಾನೇ ಇದೆ, ಕತ್ತಲು ಕೊಟ್ರೆ ಸಾಕು. ಮನುಷ್ಯರ ಗುಳಿಗೆಯಲ್ಲಿ ಇನ್ನೂ ಏನೇನೋ ಪುಡಿ ಸೇರಿಸಿರ್ತಾರೆ, ನೀರು ಹಾಳಾಗತ್ತೆ.

ಸರಿ, ಏನು ಮಾಡೋದು? ಮುಖ್ಯವಾದ ಮಾತೊಂದಿದೆ. ಮೀನಿಗೆ ನಮ್ಮ ಗೋಡೆ ಗಡಿಯಾರದಲ್ಲಿ ಎಷ್ಟು ಗಂಟೆ ಅನ್ನೋದು ಬೇಕಾಗಿಲ್ಲ, ಬೆಳಗಾಗೋದು ಮಧ್ಯಾಹ್ನ ಹನ್ನೆರಡಕ್ಕಾದ್ರೂ ಪರವಾಗಿಲ್ಲ, ಆದ್ರೆ ದಿನಾ ಅದೇ ಹೊತ್ತಿಗೆ ಆಗ್ಬೇಕು. ಮುಂಬಯಿ ಕೊಲಾಬಾದ ಟಿಐಎಫ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ಸೇರಿ ಎಷ್ಟೋ ಲ್ಯಾಬಲ್ಲಿ ಡೇನಿಯೋ ಸಾಕ್ತಾರೆ, ಇಂಥ ಲ್ಯಾಬುಗಳಲ್ಲಿ ಸಾಮಾನ್ಯವಾಗಿ 14 ಗಂಟೆ ಬೆಳಕು, 10 ಗಂಟೆ ಕತ್ತಲು, ಎಲ್ಲ ಟೈಮರ್ ಮೇಲೆ. ಕೆಲಸದವರು ಬರೋ ಹೊತ್ತಿಗೆ ಸರಿಯಾಗಿ ಲೈಟ್ ಹೊತ್ತೋ ಹಾಗೆ ಇಟ್ಕೊಂಡಿರ್ತಾರೆ, ಮೀನಿಗೆ ಅದೇ ಸೂರ್ಯೋದಯ.

ನಿಮ್ಮ ಮನೆಗೆ ನಾನು ಹೇಳೋದು ಹೀಗೆ. ಟ್ಯಾಂಕ್ ಲೈಟಿಗೆ ಒಂದು ಟೈಮರ್ ಪ್ಲಗ್ ತಗೊಳ್ಳಿ, ಮಧ್ಯಾಹ್ನ 2ಕ್ಕೆ ಆನ್, ರಾತ್ರಿ 10ಕ್ಕೆ ಆಫ್. ಬೆಳಗ್ಗೆಯಿಂದ ಕಿಟಕಿ ಬೆಳಕು ಹೇಗೂ ಇದೆ, ಎಂಟು ಗಂಟೆ ಎಲ್‌ಇಡಿ ಗಿಡಕ್ಕೂ ಸಾಕು, ಮಗಳು ಸ್ಕೂಲಿಂದ ಬಂದ ಮೇಲೆ ನೋಡೋಕೂ ಸಿಗತ್ತೆ. ಹತ್ತಕ್ಕೆ ಟ್ಯಾಂಕ್ ಲೈಟ್ ಆರಿದ ಮೇಲೆ ಹಾಲಿನ ಲೈಟ್ ಒಂದರ್ಧ ಗಂಟೆ ಇರಲಿ, ಮೀನು ಜಾಗ ಹುಡ್ಕೊಳ್ಳತ್ತೆ. ಆಮೇಲೆ ದಪ್ಪ ಬಟ್ಟೆ, ಹಳೇ ಬೆಡ್‌ಶೀಟೇ ಆಗತ್ತೆ, ಟ್ಯಾಂಕಿನ ಮುಂದೆ ಮತ್ತು ಅಕ್ಕಪಕ್ಕ ಇಳಿಬಿಡಿ, ಬೆಳಗ್ಗೆ 7ಕ್ಕೆ ತೆಗೀರಿ. ಇದರಿಂದ ಒಂದೂವರೆಯ ಟ್ಯೂಬ್‌ಲೈಟೂ ಐದೂವರೆಯ ನಿಮ್ಮ ನೀರು ತುಂಬೋ ಲೈಟೂ ಎರಡೂ ಅಷ್ಟಾಗಿ ಒಳಗೆ ಹೋಗಲ್ಲ, ಎಂಟೂವರೆ ಗಂಟೆ ಒಳ್ಳೇ ಕತ್ತಲು ಸಿಗತ್ತೆ. ಮುಂಬಯಿಯಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ, ಜೂನಿನದು 13 ಗಂಟೆ ಚಿಲ್ಲರೆ, ಅದಕ್ಕೆ ಹೋಲಿಸಿದ್ರೆ ನಿಮ್ಮ ಟ್ಯಾಂಕಿನ ರಾತ್ರಿ ಸ್ವಲ್ಪ ಗಿಡ್ಡನೇ, ಆದ್ರೂ ಒನ್ ಬಿಎಚ್‌ಕೆಯಲ್ಲಿ ಇದಕ್ಕಿಂತ ಜಾಸ್ತಿ ಕೇಳೋದು ನ್ಯಾಯ ಅಲ್ಲ.

ಬಟ್ಟೆಯಿಂದ ಬರೋ ತೊಂದ್ರೆನೂ ಹೇಳ್ಬೇಕು. ಮೇಲ್ಗಡೆ ಮುಚ್ಚಬೇಡಿ, ಗಾಳಿ ಆಡಲ್ಲ, ಮೇ ತಿಂಗಳಲ್ಲಿ ನೀರು ಇನ್ನೂ ಬಿಸಿಯಾಗತ್ತೆ, ಮತ್ತೆ ಅದೇ ಆಕ್ಸಿಜನ್ ಕಥೆ. ಮೇಲಿಂದ ಸ್ವಲ್ಪ ಬೆಳಕು ಬೀಳತ್ತೆ, ಬೀಳಲಿ. ನೆಗೆಯೋದಕ್ಕೆ ಪ್ಲಾಸ್ಟಿಕ್ ಬಲೆ ಹಾಕಿ ಸಾಕು. ಬಟ್ಟೆ ತುದಿ ನೀರಿಗೆ ತಾಗಿದ್ರೆ ರಾತ್ರಿಯಿಡೀ ನೀರು ಹೀರಿ ನೆಲಕ್ಕೆ ಇಳಿಸತ್ತೆ, ಪ್ಲಗ್ ಆ ಕಡೆ ಇದ್ರೆ ಅಪಾಯ, ನೋಡ್ಕೊಂಡು ಹಾಕಿ.

ಇಲ್ಲ, ನಮ್ಮನೆಯವರಿಗೆ ರಾತ್ರಿ ಮೀನು ನೋಡ್ಲೇಬೇಕು ಅಂದ್ರೆ ಎರಡನೇ ದಾರಿನೂ ಇದೆ, ಇಡೀ ದಿನವನ್ನೇ ಮುಂದಕ್ಕೆ ತಳ್ಳೋದು: ಸಂಜೆ 4ಕ್ಕೆ ಬೆಳಗು, ರಾತ್ರಿ 2ಕ್ಕೆ ಕತ್ತಲು, ಮಾರನೇ ಸಂಜೆವರೆಗೆ ಬಟ್ಟೆ. ಲ್ಯಾಬಲ್ಲಿ ಇದು ಸಲೀಸು, ನಿಮ್ಮ ಹಾಲಲ್ಲಿ ಕಷ್ಟ. ಅವರಿಗೆ ಡೇ ಶಿಫ್ಟ್ ಇರೋ ವಾರವೂ ರಾತ್ರಿ ಎರಡರವರೆಗೆ ಲೈಟ್ ಉರೀಲೇಬೇಕು, ಹಗಲೆಲ್ಲ ಕಿಟಕಿ ಬೆಳಕು ತಡೀಬೇಕು, ಒಂದು ದಿನ ತಪ್ಪಿದ್ರೆ ಮತ್ತೆ ಮೊದಲಿಂದ. ಕೆಲವರು ಹೀಗೆ ಶುರು ಮಾಡಿ ಎರಡನೇ ವಾರಕ್ಕೆ ಕೈ ಬಿಡೋದನ್ನ ನೋಡಿದೀನಿ. ಅದರ ಬದಲು ಅವರು ಬಂದಾಗ ಟ್ಯೂಬ್‌ಲೈಟ್ ಬಿಟ್ಟು ಅಡುಗೆಮನೆ ಕಡೆ ಒಂದು ಹಳದಿ ಝೀರೋ ಬಲ್ಬ್ ಹಾಕ್ಕೊಂಡು ಬಟ್ಟೆಯ ಒಂದು ಮೂಲೆ ಸರಿಸಿ ನೋಡ್ಲಿ, ಸಕ್ಕರ್ ಆ ಹೊತ್ತಿಗೇ ಓಡಾಡೋ ಮೀನು, ಅದೂ ನೈಟ್ ಶಿಫ್ಟೇ, ಒಳ್ಳೇ ಕಂಪನಿ.

ಫುಡ್ ಮಾತ್ರ ಆ ಹೊತ್ತಿಗೆ ಹಾಕೋದು ಬೇಡ. ಮೀನಿಗೆ ಬೆಳಕು ಬಿಟ್ರೆ ಇನ್ನೊಂದು ಗಡಿಯಾರ ಅಂದ್ರೆ ಊಟದ ಹೊತ್ತು. ಗೋಲ್ಡ್‌ಫಿಶ್‌ಗೆ ದಿನಾ ಒಂದೇ ಹೊತ್ತಿಗೆ ಹಾಕ್ತಾ ಬಂದ್ರೆ ಆ ಹೊತ್ತಿಗೆ ಮುಂಚೆನೇ ಚುರುಕಾಗತ್ತೆ, ಹೊಟ್ಟೆಯಲ್ಲಿ ಜೀರ್ಣರಸಾನೂ ಮೊದಲೇ ತಯಾರಾಗತ್ತೆ. ಸೋಮಾಲಿಯಾದ ಗುಹೆಯೊಳಗೆ ಲಕ್ಷಾಂತರ ವರ್ಷ ಕತ್ತಲಲ್ಲೇ ಕಳೆದ ಒಂದು ಕುರುಡು ಮೀನಿದೆ, 2011ರಲ್ಲಿ ಅದನ್ನ ಪರೀಕ್ಷೆ ಮಾಡಿದಾಗ ಅದರ ಗಡಿಯಾರ ಬೆಳಕಿಗೆ ಜಗ್ಗಲೇ ಇಲ್ಲ, ಒಂದು ಸುತ್ತು 24ರ ಬದಲು ಸುಮಾರು 47 ಗಂಟೆ ಆಗಿತ್ತು, ಆದ್ರೂ ದಿನಾ ಹೊತ್ತಿಗೆ ಸರಿಯಾಗಿ ಊಟ ಕೊಟ್ರೆ ಆ ಹೊತ್ತನ್ನ ಕಲೀತು. ಅಷ್ಟು ಗಟ್ಟಿ ಅದು. ನಿಮ್ಮಲ್ಲಿ ಬೆಳಗ್ಗೆ ಬಟ್ಟೆ ತೆಗೆದ ಒಂದು ಗಂಟೆ ಮೇಲೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟು. ಸಕ್ಕರ್‌ಗೆ ಹಾಕೋ ಫುಡ್ ಗುಳಿಗೆ ಮಾತ್ರ ಲೈಟ್ ಆರಿದ ಮೇಲೆ. ಪಾಚಿ ಜಾಸ್ತಿ ಇದೆ, ಮೂರು ದಿನ ಪೂರ್ತಿ ಕತ್ತಲು ಮಾಡಿ ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ, ಪಾಚಿ ಸತ್ತು ಕೊಳೆಯೋವಾಗ ಆಕ್ಸಿಜನ್ ಇನ್ನೂ ಇಳಿಯತ್ತೆ, ನಿಮ್ಮ ಟ್ಯಾಂಕಿನ ಈಗಿನ ಸ್ಥಿತಿಯಲ್ಲಿ ಬೇಡವೇ ಬೇಡ.

ಕೊನೇದು ಮೊಟ್ಟೆ. ಜೀಬ್ರಾ ಡೇನಿಯೋ ನಮ್ಮ ದೇಶದ್ದೇ ಮೀನು, ಗದ್ದೆ ಬದಿಯ ತೋಡು, ಸಣ್ಣ ಹಳ್ಳಗಳಲ್ಲಿ ಇರತ್ತೆ. ಬೆಳಕು ಮೂಡಿದ ಮೊದಲ ಒಂದೆರಡು ಗಂಟೆಯಲ್ಲೇ ಮೊಟ್ಟೆ ಇಡೋದು ಅದರ ಕ್ರಮ, ನಿಮ್ಮ ಮನೆಯಲ್ಲಿ ಆ ಬೆಳಕು ಅಂದ್ರೆ ಐದೂವರೆಗೆ ನೀವು ಹಾಕೋ ಟ್ಯೂಬ್‌ಲೈಟ್. ರಾತ್ರಿ ಎರಡರವರೆಗೆ ಲೈಟ್ ಉರಿಯೋ ವಾರ ಆ ಕ್ರಮ ಕೆಟ್ಟು ಮೊಟ್ಟೆ ಇಲ್ಲ ಅಂತ ಕಾಣತ್ತೆ. ಬಟ್ಟೆ ಹಾಕೋಕೆ ಶುರು ಮಾಡಿದ ಮೇಲೆ ಏಳು ಏಳೂವರೆಗೆ ನೋಡಿ. ಮೊಟ್ಟೆ ಮಾಯ ಆಗೋದು ಏಂಜೆಲ್ ತಿಂದು ಬಿಟ್ಟಿದ್ದನ್ನ ಇಟ್ಟ ಡೇನಿಯೋಗಳೇ ತಿನ್ನೋದ್ರಿಂದ. ಮರಿ ಬೇಕು ಅಂದ್ರೆ ರಾತ್ರಿನೇ ಒಂದು ಗಂಡು ಎರಡು ಹೆಣ್ಣನ್ನ ಸಣ್ಣ ಡಬ್ಬಿಗೆ ಹಾಕಿ, ತಳದಲ್ಲಿ ಗೋಲಿ ಹರಡಿ, ಮೊಟ್ಟೆ ಅಂಟಲ್ಲ, ಗೋಲಿ ಸಂದಿಗೆ ಜಾರತ್ತೆ, ಬಾಯಿ ತಲುಪಲ್ಲ. ಎಂಟೂವರೆಗೆ ದೊಡ್ಡ ಮೀನನ್ನ ವಾಪಸ್ ಹಾಕಿ. 28 ಡಿಗ್ರಿ ನೀರಲ್ಲಿ ಎರಡು ಮೂರು ದಿನಕ್ಕೆ ಮರಿ ಹೊರಗೆ ಬರತ್ತೆ, ಹೊಟ್ಟೆಯಲ್ಲಿರೋ ಬಂಡಾರ (ಮೊಟ್ಟೆಯ ಹಳದಿ) ತಿನ್ಕೊಂಡು ಗಾಜಿಗೆ ಅಂಟ್ಕೊಂಡಿರತ್ತೆ, ಐದನೇ ದಿನದ ಹೊತ್ತಿಗೆ ಈಜೋಕೆ ಶುರು ಮಾಡಿದ ಮೇಲೆ ಮರಿಗಳಿಗೆ ಅಂತಾನೇ ಸಿಗೋ ನುಣ್ಣನೆ ಪುಡಿ ಫುಡ್ ಚಿಟಿಕೆಯಷ್ಟು ಹಾಕಿ, ಅದಕ್ಕಿಂತ ಮುಂಚೆ ಹಾಕಿದ್ರೆ ನೀರು ಕೆಡತ್ತೆ ಅಷ್ಟೇ.